ಮೊದಲು 'ಮಾತಾಡು' ಅನ್ನೋದನ್ನ ಬಿಟ್ಟೆವು

ಟೀಚರ್ ಮೊದಲು ಹೇಳಿದ್ದು ಮಾತಿನ ವಿಷಯವಲ್ಲ, ನೀರಿನ ವಿಷಯ. "ಮೇಡಂ, ಈ ಹುಡುಗಿ ಬೆಳಗ್ಗೆ ತಂದ ನೀರಿನ ಬಾಟ್ಲಿಯನ್ನ ಸಂಜೆ ಹಾಗೇ ಮನೆಗೆ ವಾಪಸ್ ಒಯ್ತಾಳೆ" ಅಂದರು.

ಸಕಲೇಶಪುರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆ, ಮೂರನೇ ಕ್ಲಾಸು. ನಾನು ಹಾಸನದ ಒಂದು ಖಾಸಗಿ ಶಾಲೆಯಲ್ಲಿ ಮಕ್ಕಳ ಕೌನ್ಸೆಲರ್. ವಾರಕ್ಕೊಂದು ದಿನ ಈ ಕಡೆಯ ಎರಡು ಮೂರು ಶಾಲೆಗಳಿಗೂ ಹೋಗಿ ಬರುತ್ತೇನೆ. ಓದಿದ್ದು ಮನಶ್ಶಾಸ್ತ್ರ, ಊರವರು ಕರೆಯುವುದು 'ತಲೆ ಡಾಕ್ಟ್ರು'. ಡಾಕ್ಟ್ರಲ್ಲ ಅಂತ ತಿದ್ದುವುದನ್ನು ಬಿಟ್ಟು ಬಹಳ ದಿನವಾಯ್ತು.

ಹುಡುಗಿಯನ್ನ ಇಲ್ಲಿ ಪುಟ್ಟಿ ಅನ್ನುತ್ತೇನೆ. ನೀರು ಯಾಕೆ ಕುಡಿಯಲ್ಲ? ಕುಡಿದರೆ ಒಂದಕ್ಕೆ ಹೋಗಬೇಕು. ಹೋಗಬೇಕಂದ್ರೆ ಕೇಳಬೇಕು. ಅವಳು ಒಂದನೇ ಕ್ಲಾಸಿಗೆ ಸೇರಿದಾಗಿನಿಂದ ಶಾಲೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ನಲಿ-ಕಲಿ ಹಾಡಿಗೆ ಕೈ ಆಡಿಸುತ್ತಾಳೆ, ಹೇಳಿದ ಕಾರ್ಡನ್ನ ಸರಿಯಾಗಿ ಹುಡುಕಿ ತರುತ್ತಾಳೆ, ತುಟಿ ಮಾತ್ರ ಬಿಚ್ಚಲ್ಲ. ದೊಡ್ಡವರು 'ಮೊಂಡು' ಅಂದರು, ಮಕ್ಕಳು 'ಮೂಗಿ' ಅಂದರು. ತಾಯಿ ಹೇಳಿದ್ದೇ ಬೇರೆ: "ಮನೇಲಿ ಇವಳ ಬಾಯಿ ಮುಚ್ಚಿಸೋಕೇ ಆಗಲ್ಲ."

ಮನೆಮಾತು ತುಳು. ಬೆಳ್ತಂಗಡಿ ಕಡೆಯಿಂದ ಘಟ್ಟ ಹತ್ತಿ ಬಂದು ಕಾಫಿ ತೋಟದ ಲೈನ್ ಮನೆಯಲ್ಲಿದ್ದವರು. ಹೊಸ ಭಾಷೆಯೊಳಗೆ ಬಿದ್ದ ಮಕ್ಕಳು ಕೆಲವು ತಿಂಗಳು ಸುಮ್ಮನಿರುವುದುಂಟು, ಅದಕ್ಕೆ ಗಾಬರಿ ಬೇಡ. ಆದರೆ ಪುಟ್ಟಿ ಪಕ್ಕದ ಮನೆ ಹುಡುಗಿಯ ಜೊತೆ ಕನ್ನಡದಲ್ಲೇ ಜಗಳ ಆಡುತ್ತಿದ್ದಳು! ಹಾಗಾದರೆ ಭಾಷೆಯ ತೊಡಕಲ್ಲ. ಆದರೂ ಕಿವಿ ತೋರಿಸದೆ ಮುಂದೆ ಹೋಗುವ ಹಾಗಿಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕಳಿಸಿದೆವು. ಕಿವಿ ಚೆನ್ನಾಗಿತ್ತು. ಸೆಲೆಕ್ಟಿವ್ ಮ್ಯೂಟಿಸಂ ಅಂತ ಬರೆದುಕೊಟ್ಟರು.

ಮನೆಯಂಥ ಕಡೆ ಸಲೀಸಾಗಿ ಮಾತಾಡುವ ಮಗು ಶಾಲೆಯಂಥ ಕಡೆ ತಿಂಗಳುಗಟ್ಟಲೆ ಬಾಯಿ ಬಿಡದೇ ಇರುವುದಕ್ಕೆ ಈ ಹೆಸರು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 1994ರ ತನಕ ಇದನ್ನು 'ಇಲೆಕ್ಟಿವ್' ಅನ್ನುತ್ತಿದ್ದರು, ಮಗು ಬೇಕಂತಲೇ ಬಾಯಿ ಮುಚ್ಚಿಕೊಂಡಿದೆ ಅನ್ನುವ ಹಾಗೆ. ಆಮೇಲೆ ಹೆಸರು ಬದಲಿಸಿದರು. 2013ರಲ್ಲಿ ಆತಂಕದ ತೊಂದರೆಗಳ ಸಾಲಿಗೆ ಸೇರಿಸಿದರು. ನಮ್ಮ ಸ್ಟಾಫ್ ರೂಮುಗಳಲ್ಲಿ ಇನ್ನೂ ಹಳೇ ಹೆಸರೇ ನಡೀತಿದೆ. 'ಮೊಂಡು' ಅಂದರೆ ಅದೇ ಅಲ್ವಾ?

ಬೇರೆಯವರನ್ನು ಯಾಕೆ ಅನ್ನಲಿ, ಮೊದಲ ದಿನ ನಾನೇ "ಹೆಸರು ಹೇಳಿದ್ರೆ ಚಾಕ್ಲೇಟ್" ಅಂದಿದ್ದೆ. ಅವಳ ಕತ್ತು ಬಿಗಿಯಾಯ್ತು. ಕೈಯಲ್ಲಿದ್ದ ಪೆನ್ಸಿಲ್ ಹಾಗೇ ನಿಂತಿತು. ಅಷ್ಟು ಹೆದರಿದ ಮಗುವಿಗೆ ಲಂಚ ತೋರಿಸಿದ್ದೆ.

ಹಾಗಾಗಿ ಮಾತಿನ ಗೊಡವೆ ಬಿಟ್ಟು ಮೊದಲು ಒಂದಕ್ಕೆ ಹೋಗುವ ದಾರಿ ಮಾಡಿದೆವು. ಒಂದು ಕೆಂಪು ಬಾಟ್ಲಿ ಮುಚ್ಚಳ. ಅದನ್ನು ಟೀಚರ್ ಮೇಜಿನ ಮೇಲಿಟ್ಟು ಹೊರಟರಾಯ್ತು, ಯಾರೂ ಏನೂ ಕೇಳುವಂತಿಲ್ಲ. ಎರಡನೇ ವಾರಕ್ಕೆ ಬಾಟ್ಲಿ ಅರ್ಧ ಖಾಲಿಯಾಗಿ ಮನೆಗೆ ಹೋಗತೊಡಗಿತು. ಹಾಗೇ ಶಾಲೆಯಲ್ಲಿ ಯಾರೂ 'ಮಾತಾಡು' ಅನ್ನಬಾರದು ಅಂತ ಒಪ್ಪಂದವಾಯ್ತು.

ಆಮೇಲೆ ಚೆನ್ನೆಮಣೆ. ತಾಯಿ ಮನೆಯಿಂದಲೇ ತಂದಿದ್ದರು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಮಂಜೊಟ್ಟಿ ಕಾಯಿ. ಶನಿವಾರ ಶಾಲೆ ಬಿಟ್ಟ ಮೇಲೆ ಖಾಲಿ ಕ್ಲಾಸಿನಲ್ಲಿ ತಾಯಿ ಮಗಳು ಇಬ್ಬರೇ ಕೂತು ಆಡುವುದು. ನಾನು ಹೊರಗೆ ಜಗಲಿಯಲ್ಲಿ. ಎರಡನೇ ಶನಿವಾರ ಒಳಗಿಂದ ಕೇಳಿಸಿತು: "ಒಂಜಿ, ರಡ್ಡ್, ಮೂಜಿ..." ಗಟ್ಟಿ ದನಿ, ತಾಯಿಯನ್ನು ಗದರಿಸುವಂಥ ದನಿ. ನಾನು ಕತ್ತು ತಿರುಗಿಸಲಿಲ್ಲ. ಮುಂದಿನ ವಾರ ಹೊಸ್ತಿಲಲ್ಲಿ ಕೂತು ಏನೋ ಬರೆಯುತ್ತಿದ್ದೆ. ಆಮೇಲೆ ಒಳಗೆ ಗೋಡೆಗೆ ಒರಗಿ, ಆಮೇಲೆ ಚಾಪೆಯ ಅಂಚಿಗೆ. ದನಿ ಸಣ್ಣಗಾದರೆ ಒಂದು ಹೆಜ್ಜೆ ಹಿಂದೆ. ನಡುವೆ ಮಳೆ ರಜೆ ಬಂದು ಎರಡು ವಾರ ಹೋಯ್ತು. ನಮ್ಮ ಕಡೆ ಜುಲೈನಲ್ಲಿ ಯಾವ ಲೆಕ್ಕಾಚಾರವೂ ನಡೆಯಲ್ಲ.

ಆಗಸ್ಟಿನಲ್ಲಿ ನಾನೂ ಆಟಕ್ಕೆ ಸೇರಿದೆ, ಬೇಕಂತ ತಪ್ಪು ಎಣಿಸಿದೆ. "ಐನ್" ಅಂತ ತಿದ್ದಿದಳು, ತುಳುವಿನಲ್ಲಿ ಐದು. ನನಗೇ!

ಖುಷಿ ತಡೆಯಲಾರದೆ ಟೀಚರಿಗೆ ಹೇಳಿಬಿಟ್ಟೆ. ಸೋಮವಾರ ಅವರು ಇನ್ನೂ ಖುಷಿಯಿಂದ ಇಡೀ ಕ್ಲಾಸಿನಿಂದ ಚಪ್ಪಾಳೆ ಹೊಡೆಸಿದರು. ಮೂವತ್ತು ಮಕ್ಕಳು ಒಟ್ಟಿಗೆ ತಿರುಗಿ ನೋಡಿದರು. ಅಷ್ಟೇ. ಮುಂದಿನ ನಾಲ್ಕು ಶನಿವಾರ ಚೆನ್ನೆಮಣೆಯ ಮುಂದೆಯೂ ಮೌನ, ತಾಯಿಯ ಜೊತೆಗೂ. ಟೀಚರದ್ದು ತಪ್ಪಲ್ಲ. ಮಾತು ಬಂದಾಗ ಏನೂ ಆಗದ ಹಾಗೆ ಇರಬೇಕು ಅಂತ ನಾನು ಮೊದಲೇ ಹೇಳಬೇಕಿತ್ತು. ಮತ್ತೆ ಜಗಲಿಯಿಂದಲೇ ಶುರು ಮಾಡಿದೆ.

ಟೀಚರಿಗೆ ಇನ್ನೊಂದು ಚಿಂತೆ ಇತ್ತು. ಇವಳಿಗೆ ಓದಲು ಬರುತ್ತೋ ಇಲ್ವೋ ತಿಳಿಯುವುದು ಹೇಗೆ? ಪುಟ್ಟಿಯನ್ನು ಕೇಳಿದೆ, ಮನೆಯಲ್ಲಿ ಓದಿದ್ದನ್ನ ಮೊಬೈಲಲ್ಲಿ ರೆಕಾರ್ಡ್ ಮಾಡಿ ಟೀಚರೊಬ್ಬರೇ ಕೇಳಬಹುದಾ ಅಂತ. ತಲೆ ಆಡಿಸಿದಳು. ಕೇಳಿದ ಟೀಚರ್ ಸುಮ್ಮನೆ ಕೂತುಬಿಟ್ಟರು. ಒತ್ತಕ್ಷರ ಒಂದೂ ತಪ್ಪಿರಲಿಲ್ಲ. ಹಿನ್ನೆಲೆಯಲ್ಲಿ ಕೋಳಿ, ಕುಕ್ಕರ್ ವಿಷಲ್, ನಡುವೆ ತಮ್ಮನಿಗೆ ಬೈಗುಳ ಬೇರೆ.

ಡಿಸೆಂಬರಿಗೆ ಕಾಫಿ ಕುಯ್ಲು ಜೋರಾಯ್ತು, ತಾಯಿ ಬರುವುದು ನಿಂತಿತು. ಎಸ್ಟೇಟಿನ ರೈಟರ್ ಹತ್ತಿರ ಮಾತಾಡಿ ನೋಡಿದೆ. ಪಾಪ, ಅವರು ಹೂಂ ಅಂದರು. ಆದರೆ ಅರ್ಧ ದಿನದ ಕೂಲಿ ಯಾರು ಕೊಡ್ತಾರೆ? ಆಗ ನೆನಪಾದದ್ದು ಆ ಜಗಳಗಂಟಿ ಪಕ್ಕದ ಮನೆ ಹುಡುಗಿ, ಎರಡನೇ ಕ್ಲಾಸು. ತಾಯಿಯ ಜಾಗದಲ್ಲಿ ಅವಳನ್ನೇ ಕೂರಿಸಿದೆವು. ಅವಳು ಆಟದಲ್ಲಿ ಮೋಸ ಮಾಡುತ್ತಿದ್ದಳು. ನನ್ನ ಎಲ್ಲಾ ಉಪಾಯಗಳಿಗಿಂತ ಜಾಸ್ತಿ ಕೆಲಸ ಮಾಡಿದ್ದು ಆ ಮೋಸವೇ. ಜನವರಿಯಲ್ಲಿ ಟೀಚರ್ ಕ್ಲಾಸಿನಲ್ಲಿರುವಾಗಲೇ ಪುಟ್ಟಿ ಕೂಗಿದಳು, "ಏಯ್, ಅದು ನಂದು!" ಟೀಚರ್ ತಲೆ ಎತ್ತದೆ ಹಾಜರಿ ಪುಸ್ತಕ ತುಂಬುತ್ತಲೇ ಇದ್ದರು. ಕೈ ನಡುಗ್ತಿತ್ತು ಅಂತ ಆಮೇಲೆ ಹೇಳಿದರು.

ಮಾರ್ಚಿನಲ್ಲಿ ನಾಲ್ಕನೇ ಕ್ಲಾಸಿನ ಮೇಷ್ಟ್ರಿಗೆ ಚೀಟಿ ಬರೆದೆ. ಹಾಜರಿಗೆ ಕೈ ಎತ್ತಿದರೆ ಸಾಕು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ, ಆಮೇಲೆ ಇನ್ನೊಬ್ಬರನ್ನು ಕೇಳಿ. ಮಾತಾಡಿದರೆ ಹೊಗಳಬೇಡಿ, ಮಾತಿಗೆ ಉತ್ತರ ಕೊಡಿ. ಮುಚ್ಚಳದ ಸಾಲು ಬೇಕಾ ಅಂತ ಯೋಚಿಸುತ್ತಿದ್ದೆ. ಈಗ ಅವಳು ಪಿಸುದನಿಯಲ್ಲಾದರೂ ಕೇಳಿಕೊಂಡೇ ಹೊರಗೆ ಹೋಗುತ್ತಿದ್ದಳಲ್ಲ. ಪಕ್ಕದಲ್ಲಿ ನಿಂತು ಚೀಟಿ ಓದುತ್ತಿದ್ದ ಪುಟ್ಟಿ, "ಮುಚ್ಚಳ ಇರ್ಲಿ ಮಿಸ್" ಅಂದಳು. ಅದನ್ನೂ ಬರೆದೆ.