ಆಬ್ಜೆಕ್ಟ್‌ನಿಂದ ಕ್ವೆರಿ ಸ್ಟ್ರಿಂಗ್: ಕೋಲಾರದ ದರಪಟ್ಟಿಗೆ ನಾನು ಮಾಡಿಕೊಂಡ ಕ್ರಮ

ಕೋಲಾರ ಎಪಿಎಂಸಿಯ ಟೊಮೆಟೊ ದರ ತೋರಿಸುವ ಪುಟದಲ್ಲಿ ಊರು, ತಳಿ, ದಿನಾಂಕ, 15 ಕೆಜಿ ಬಾಕ್ಸಿನ ಕನಿಷ್ಠ ದರ ಅಂತ ಫಿಲ್ಟರ್‌ಗಳಿವೆ. ಎಲ್ಲವೂ ಜಾವಾಸ್ಕ್ರಿಪ್ಟ್‌ನ ಒಂದೇ ಆಬ್ಜೆಕ್ಟ್‌ನಲ್ಲಿ, ಅಂದರೆ ಹೆಸರು ಮತ್ತು ಅದರ ವ್ಯಾಲ್ಯೂ ಜೋಡಿಗಳ ಗುಂಪಿನಲ್ಲಿ, ಇರುತ್ತವೆ. ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದರೂ ಅದೇ ಪಟ್ಟಿ ತೆರೆಯಬೇಕಾದರೆ ಅವು ಯುಆರ್‌ಎಲ್‌ಗೆ ಇಳಿಯಬೇಕು. ಯುಆರ್‌ಎಲ್‌ನಲ್ಲಿ ? ಆದಮೇಲೆ ಬರುವ ಆ ಭಾಗವೇ ಕ್ವೆರಿ ಸ್ಟ್ರಿಂಗ್.

ಆಬ್ಜೆಕ್ಟನ್ನು ಇಡಿಯಾಗಿ, ಕ್ವೆರಿ ಸ್ಟ್ರಿಂಗ್ ಕಟ್ಟಿಕೊಡುವ ಯುಆರ್‌ಎಲ್‌ಸರ್ಚ್‌ಪ್ಯಾರಾಮ್ಸ್‌ಗೆ ಕೊಟ್ಟರೆ ಒಂದೇ ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ನಾನು ಹಾಗೆ ಕೊಡುವುದಿಲ್ಲ. ಆರಿಸದೆ ಬಿಟ್ಟ ಫಿಲ್ಟರ್ ‘ಅನ್‌ಡಿಫೈನ್ಡ್’ ಎಂಬ ಅಕ್ಷರಗಳಾಗಿಯೇ ಸರ್ವರ್‌ಗೆ ಹೋಗುತ್ತದೆ, ಅರೇ (ಹಲವು ಐಟಂಗಳ ಪಟ್ಟಿ) ಕಾಮಾ ಹಾಕಿಕೊಂಡು ಒಂದೇ ತುಂಡಾಗುತ್ತದೆ. ಅದಕ್ಕೇ ಜೋಡಿಗಳನ್ನು ಒಂದೊಂದಾಗಿ ಕೊಡುವ ಆಬ್ಜೆಕ್ಟ್.ಎಂಟ್ರೀಸ್ ಮೇಲೆ ಲೂಪ್ ಓಡಿಸಿ, ‘ಏನೂ ಇಲ್ಲ’ ಎಂದು ಸೂಚಿಸುವ ನಲ್ ಮತ್ತು ಅನ್‌ಡಿಫೈನ್ಡ್ ಎರಡನ್ನು ಮಾತ್ರ ಕೈಬಿಡುತ್ತೇನೆ. ‘ವ್ಯಾಲ್ಯೂ ಇದೆಯಾ’ ಅಂತಷ್ಟೇ ಇಫ್ ಬರೆದರೆ 0 ಮತ್ತು ಫಾಲ್ಸ್ ಕೂಡ ಉದುರಿಹೋಗುತ್ತವೆ. ಅರೇಯ ಪ್ರತಿ ಐಟಂಗೂ ಅಪೆಂಡ್ (ಇದ್ದುದರ ಜೊತೆ ಸೇರಿಸುವುದು) ಬೇಕು. ಇದ್ದುದನ್ನು ಅಳಿಸಿ ಬರೆಯುವ ಸೆಟ್ ಬಳಸಿದರೆ ಕೊನೆಯದೊಂದೇ ಉಳಿಯುತ್ತದೆ.

ಕನ್ನಡದ ಹೆಸರುಗಳಿಗೆ ಇನ್ನೊಂದು ಎಚ್ಚರ ಬೇಕು. ‘ಕೋಲಾರ’ ಐದು ಕೋಡ್‌ಪಾಯಿಂಟ್ (ಯುನಿಕೋಡ್ ಪ್ರತಿ ಅಕ್ಷರಕ್ಕೆ, ಚಿಹ್ನೆಗೆ ಕೊಟ್ಟ ಸಂಖ್ಯೆ), ಒಂದೊಂದಕ್ಕೆ ಯುಟಿಎಫ್-8 ಎಂಬ ಬರಹ ಕ್ರಮದಲ್ಲಿ ಮೂರು ಬೈಟ್, ಯುಆರ್‌ಎಲ್‌ಗೆ ಎನ್‌ಕೋಡ್ ಆದಮೇಲೆ ಪ್ರತಿ ಬೈಟ್ % ಸೇರಿ ಮೂರು ಅಕ್ಷರವಾಗುವುದರಿಂದ ಒಟ್ಟು 45 ಅಕ್ಷರ. ಆದರೆ ‘ಕೋ’ದ ಸ್ವರಚಿಹ್ನೆಯನ್ನು ಮೂರು ತುಂಡಾಗಿಯೂ ಬರೆಯಬಹುದು. ಆಗ ಅದೇ ಪದ 63 ಅಕ್ಷರವಾಗುತ್ತದೆ. ಪರದೆಯ ಮೇಲೆ ಎರಡೂ ಒಂದೇ ಥರ ಕಂಡರೂ ಡೇಟಾಬೇಸ್‌ಗೆ ಬೇರೆ ಬೇರೆ, ಹುಡುಕಿದರೆ ಖಾಲಿ ಪಟ್ಟಿ ಬರುತ್ತದೆ. ಹಾಗಾಗಿ ಸ್ಟ್ರಿಂಗ್‌ಗಳಿಗೆಲ್ಲ ಮೊದಲು ನಾರ್ಮಲೈಸ್ ಮಾಡಿ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳು ಕೂಡಿಕೊಂಡ ರೂಪಕ್ಕೆ, ತರುತ್ತೇನೆ. ಸರ್ವರ್‌ನಲ್ಲಿ ಸೇವ್ ಮಾಡುವಾಗಲೂ ಅದೇ ರೂಪ.

ದಿನಾಂಕದಲ್ಲಿ ಟುಐಎಸ್‌ಒಸ್ಟ್ರಿಂಗ್ ಕರೆದು ಮೊದಲ ಹತ್ತು ಅಕ್ಷರ ಕತ್ತರಿಸಿಕೊಳ್ಳುವ ಅಭ್ಯಾಸ ಬಹಳ ಜನಕ್ಕಿದೆ. ಅದು ಕೊಡುವುದು ಯುಟಿಸಿ ಸಮಯ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ನಮ್ಮಲ್ಲಿ ಬೆಳಗಿನ ಜಾವ 5:30ರ ಒಳಗಿನ ಯಾವ ಹೊತ್ತನ್ನು ಕೊಟ್ಟರೂ ಹಿಂದಿನ ದಿನದ ತಾರೀಖು ಬರುತ್ತದೆ. ಕ್ಯಾಲೆಂಡರ್‌ನಿಂದ ಆರಿಸಿದ ದಿನ ಮಧ್ಯರಾತ್ರಿ 12 ಗಂಟೆಯಾಗಿ ಕೂತಿದ್ದರೆ ಪ್ರತಿ ಸಲವೂ ನಿನ್ನೆಯ ದರವೇ. ಡೇಟ್ ಇನ್‌ಪುಟ್ ಕೊಡುವ ಸ್ಟ್ರಿಂಗನ್ನು ಮುಟ್ಟದೆ ಹಾಗೇ ಕಳಿಸುವುದು ಒಳ್ಳೆಯದು.

ಎನ್‌ಕೋಡಿಂಗ್‌ ಪೂರ್ತಿ ಯುಆರ್‌ಎಲ್‌ಸರ್ಚ್‌ಪ್ಯಾರಾಮ್ಸ್‌ಗೇ ಬಿಡಿ. ಅದಕ್ಕೂ ಮೊದಲು, ಇದೇ ಥರ ಎನ್‌ಕೋಡ್ ಮಾಡುವ ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ ಹಾಕಿದರೆ ಎರಡು ಸಲ ಎನ್‌ಕೋಡ್ ಆಗಿ ಪ್ರತಿ %ವೂ %25 ಆಗುತ್ತದೆ. ಯುಆರ್‌ಎಲ್‌ಸರ್ಚ್‌ಪ್ಯಾರಾಮ್ಸ್ ಸ್ಪೇಸನ್ನು + ಮಾಡುತ್ತದೆ. ನಿಮ್ಮ ಸರ್ವರ್‌ಗೆ ಅದು ಅರ್ಥವಾಗದಿದ್ದರೆ ಕೊನೆಯಲ್ಲಿ +ಗಳನ್ನೆಲ್ಲ %20 ಮಾಡಬಹುದು. ನಿಜವಾದ + ಅಷ್ಟರಲ್ಲಿ %2ಬಿ ಆಗಿರುವುದರಿಂದ ಅಪಾಯವಿಲ್ಲ.