ಕೀಲಿಮಣೆಯಿಂದಲೇ ನಡೆಯುವ ಐ3: ಕನ್ನಡ ಬರೆಯುವವರಿಗೆ ಒಂದು ಕೈಪಿಡಿ

ಗಂಗಾವತಿಯ ಅಕ್ಕಿ ಗಿರಣಿಯೊಂದರ ಲೆಕ್ಕದ ಕೋಣೆಯಲ್ಲಿ ಕುಳಿತ ಗುಮಾಸ್ತರು ಲಾರಿಯೊಂದನ್ನು ಕಳುಹಿಸುವ ಹೊತ್ತಿಗೆ ಮೂರು ವಿಂಡೋಗಳನ್ನು ನೋಡಬೇಕಾಗುತ್ತದೆ: ವೇ ಬ್ರಿಡ್ಜಿನ ತೂಕವನ್ನು ನಮೂದಿಸಿದ ಲೆಕ್ಕದ ಹಾಳೆ, ಇ-ವೇ ಬಿಲ್ ತುಂಬುವ ಬ್ರೌಸರ್ ಮತ್ತು ಖರೀದಿದಾರರಿಗೆ ಕನ್ನಡದಲ್ಲಿ ಬರೆಯುತ್ತಿರುವ ಪತ್ರ. ಸಾಮಾನ್ಯ ಡೆಸ್ಕ್‌ಟಾಪಿನಲ್ಲಿ ಇವು ಒಂದರ ಮೇಲೊಂದು ಬಿದ್ದಿರುತ್ತವೆ. ಮೌಸ್ ಹಿಡಿದು ಒಂದನ್ನು ಸರಿಸಿ ಇನ್ನೊಂದನ್ನು ಹುಡುಕುವುದರಲ್ಲೇ ಕೈ ಸೋಲುತ್ತದೆ. ವಿಂಡೋಗಳನ್ನು ಪರದೆಯ ಮೇಲೆ ಪಕ್ಕಪಕ್ಕ ಹಾಸಿ ಜೋಡಿಸುವ ತಂತ್ರಾಂಶವಾದ ಟೈಲಿಂಗ್ ವಿಂಡೋ ಮ್ಯಾನೇಜರ್ ಈ ಸರಿಸುವ ಕೆಲಸವನ್ನೇ ತೆಗೆದುಹಾಕುತ್ತದೆ. ಒಂದೇ ಗದ್ದೆಯ ನಡುವೆ ಬದು ಹಾಕಿ ಎರಡು ಮಡಿ ಮಾಡಿದಂತೆ, ಹೊಸ ವಿಂಡೋ ತೆರೆದಾಗ ಇರುವ ಪರದೆಯೇ ಪಾಲಾಗುತ್ತದೆ. ಯಾವುದೂ ಯಾವುದರ ಅಡಿಯಲ್ಲೂ ಮರೆಯಾಗುವುದಿಲ್ಲ.

ಇಂಥ ಮ್ಯಾನೇಜರುಗಳು ಹಲವಾರಿವೆ. ಹೊಸಬರಿಗೆ ನಾನು ಸೂಚಿಸುವುದು ಐ3 ಅನ್ನು. ಮೈಕೆಲ್ ಸ್ಟಾಪೆಲ್‌ಬರ್ಗ್ ಅವರು 2009ರಲ್ಲಿ ಮೊದಲು ಬಿಡುಗಡೆ ಮಾಡಿದ ಈ ಮುಕ್ತ ತಂತ್ರಾಂಶದ ಹೊಂದಾಣಿಕೆಗಳೆಲ್ಲ ಒಂದೇ ಪಠ್ಯ ಕಡತದಲ್ಲಿರುತ್ತವೆ. ಆ ಕಡತವನ್ನು ತಿದ್ದಲು ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ. ಲಿನಕ್ಸ್ ಬೇಕು ಎಂಬುದು ಮಾತ್ರ ಷರತ್ತು. ಇಡೀ ಕಚೇರಿಯೇ ಟ್ಯಾಲಿಯ ಮೇಲೆ ನಿಂತಿದ್ದರೆ, ಅದು ವಿಂಡೋಸಿಗಾಗಿ ಮಾಡಿದ ತಂತ್ರಾಂಶವಾದ್ದರಿಂದ, ಆ ಯಂತ್ರವನ್ನು ಹಾಗೆಯೇ ಬಿಟ್ಟು ಬೇರೊಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಇದನ್ನು ಪ್ರಯತ್ನಿಸುವುದು ಲೇಸು. ಐ3 ಬಹಳ ಹಗುರವಾದ್ದರಿಂದ 4 ಜಿಬಿ ಮೆಮೊರಿಯ ಯಂತ್ರದಲ್ಲಿಯೂ ಅದು ಭಾರವೆನಿಸುವುದಿಲ್ಲ, ಭಾರವೇನಿದ್ದರೂ ಬ್ರೌಸರಿನದು.

ಲಿನಕ್ಸಿನ ಬಗೆಗಳಾದ ಡೆಬಿಯನ್ ಅಥವಾ ಉಬುಂಟುವಿನಲ್ಲಿ, ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್ ವಿಂಡೋ ತೆರೆದು ಕೊಡುವ "ಸುಡೊ ಆಪ್ಟ್ ಇನ್‌ಸ್ಟಾಲ್ ಐ3" ಎಂಬ ಆದೇಶ ಸಾಕು. (ಆದೇಶಗಳನ್ನು ಇಲ್ಲಿ ಉಚ್ಚಾರಣೆಯಂತೆ ಬರೆದಿದೆ, ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.) ಈಗಿರುವ ಡೆಸ್ಕ್‌ಟಾಪ್ ಎಲ್ಲಿಗೂ ಹೋಗುವುದಿಲ್ಲ. ಲಾಗಿನ್ ಪರದೆಯಲ್ಲಿ ಸೆಷನ್ ಆಯ್ಕೆಯನ್ನು ಐ3 ಎಂದು ಬದಲಿಸಿ ಒಳಬಂದರಾಯಿತು. ಹಿಡಿಸದಿದ್ದರೆ ಮರುದಿನ ಹಳೆಯದಕ್ಕೇ ಮರಳಬಹುದು. ಮೊದಲ ಸಲ ಒಳಬಂದಾಗ ಅದು ಎರಡು ಪ್ರಶ್ನೆ ಕೇಳುತ್ತದೆ: ಕಾನ್ಫಿಗ್ ಕಡತವನ್ನು (ಮೇಲೆ ಹೇಳಿದ ಹೊಂದಾಣಿಕೆಗಳ ಕಡತ) ರಚಿಸಲೇ, ಮತ್ತು ಮಾಡ್ ಕೀಲಿ, ಅಂದರೆ ಐ3ಯ ಆದೇಶಗಳಿಗೆ ಜೊತೆಯಾಗಿ ಒತ್ತುವ ಕೀಲಿ, ಯಾವುದಾಗಬೇಕು. ಮೊದಲನೆಯದಕ್ಕೆ ಹೌದು ಎನ್ನಿ. ಎರಡನೆಯದಕ್ಕೆ ವಿಂಡೋಸ್ ಚಿಹ್ನೆಯ ಕೀಲಿಯನ್ನು ಆರಿಸಿ. ಆಲ್ಟ್ ಕೀಲಿಯನ್ನು ಆರಿಸಿದರೆ ಲಿಬ್ರೆಆಫೀಸಿನಂಥ ತಂತ್ರಾಂಶಗಳಲ್ಲಿ ಆಲ್ಟ್ ಒತ್ತಿ ಮೆನು ತೆರೆಯುವ ರೂಢಿಗೆ ಅಡ್ಡಿಯಾಗುತ್ತದೆ.

ಆಮೇಲೆ ಕಾಣುವುದು ಖಾಲಿ ಪರದೆ, ಕೆಳಗೊಂದು ತೆಳುವಾದ ಪಟ್ಟಿ. ಮಾಡ್ ಮತ್ತು ಎಂಟರ್ ಒತ್ತಿದರೆ ಟರ್ಮಿನಲ್ ತೆರೆಯುತ್ತದೆ. ಮಾಡ್ ಮತ್ತು ಡಿ ಒತ್ತಿದರೆ ಡಿಮೆನು ಎಂಬ ಸಾಲು ಬರುತ್ತದೆ. ಅದರಲ್ಲಿ ತಂತ್ರಾಂಶದ ಹೆಸರಿನ ಮೊದಲ ಕೆಲವು ಅಕ್ಷರ ಕೊಟ್ಟು ಎಂಟರ್ ಒತ್ತಬೇಕು. ಮಾಡ್, ಶಿಫ್ಟ್ ಮತ್ತು ಕ್ಯು ಸೇರಿದರೆ ವಿಂಡೋ ಮುಚ್ಚುತ್ತದೆ. ಮಾಡ್, ಶಿಫ್ಟ್ ಮತ್ತು ಇ ಸೇರಿದರೆ ಐ3ಯಿಂದಲೇ ಹೊರಬರಬಹುದು. ಮಾಡ್ ಜೊತೆ ಬಾಣದ ಕೀಲಿ ಒತ್ತಿದರೆ ಗಮನ (ಟೈಪ್ ಮಾಡಿದ್ದು ಯಾವ ವಿಂಡೋಗೆ ಹೋಗುವುದೋ ಅದು) ಪಕ್ಕದ ವಿಂಡೋಗೆ ಹೋಗುತ್ತದೆ, ಶಿಫ್ಟನ್ನೂ ಸೇರಿಸಿದರೆ ವಿಂಡೋವೇ ಆ ದಿಕ್ಕಿಗೆ ಸರಿಯುತ್ತದೆ. ಮೊದಲ ವಾರಕ್ಕೆ ಇಷ್ಟು ಸಾಕು.

ಮೊದಲು ಕನ್ನಡ

ಬಣ್ಣ, ಹಿನ್ನೆಲೆ ಚಿತ್ರ, ಅಂಚಿನ ದಪ್ಪ ಮುಂತಾದ ಅಲಂಕಾರಗಳಿಗೆ ಕೈಹಾಕುವ ಮುನ್ನ ಕನ್ನಡ ಟೈಪಿಂಗನ್ನು ಹೊಂದಿಸಿಕೊಳ್ಳಬೇಕು. ಎಲ್ಲ ಕೆಲಸವೂ ಕೀಲಿಮಣೆಯಿಂದಲೇ ನಡೆಯುವ ವ್ಯವಸ್ಥೆಯಲ್ಲಿ ಭಾಷೆ ಬದಲಾದೊಡನೆ ಆದೇಶದ ಕೀಲಿಗಳು ಕೈಕೊಟ್ಟರೆ, ಐ3 ಕೆಟ್ಟಿದೆ ಎಂದುಕೊಂಡು ಅದನ್ನೇ ಬಿಟ್ಟುಬಿಡುವವರು ಹೆಚ್ಚು. ಕಾರಣ ಸರಳವಾಗಿದೆ. "ಮಾಡ್ ಮತ್ತು ಡಿ" ಎಂಬ ಆದೇಶವನ್ನು ಐ3 ಕೀಲಿಮಣೆಯ ವಿನ್ಯಾಸಗಳಲ್ಲಿ (ಯಾವ ಕೀಲಿಗೆ ಯಾವ ಅಕ್ಷರ ಎಂಬ ಹಂಚಿಕೆ) ಮೊದಲನೆಯದರ ಆಧಾರದ ಮೇಲೆ ಭೌತಿಕ ಕೀಲಿಗೆ ಜೋಡಿಸುತ್ತದೆ. ಹಾಗೆ ಜೋಡಿಸಿದ್ದು ಉಳಿದ ವಿನ್ಯಾಸಗಳಲ್ಲಿಯೂ ನಡೆಯುತ್ತದೆ. ಆದ್ದರಿಂದ ಇಂಗ್ಲಿಷ್ ಮೊದಲನೆಯದಾಗಿ, ಕನ್ನಡ ಎರಡನೆಯದಾಗಿ ಇರಬೇಕು. ಕನ್ನಡವೊಂದನ್ನೇ ಹಾಕಿದರೆ ಆ ವಿನ್ಯಾಸದಲ್ಲಿ ಇಂಗ್ಲಿಷಿನ ಡಿ ಎಂಬ ಅಕ್ಷರವೇ ಇರುವುದಿಲ್ಲವಾದ್ದರಿಂದ ಆದೇಶಕ್ಕೆ ಕೀಲಿಯೇ ಸಿಗುವುದಿಲ್ಲ.

ನುಡಿ ತಂತ್ರಾಂಶದಲ್ಲಿ ಟೈಪಿಂಗ್ ಕಲಿತವರಿಗೆ ಕಗಪ ವಿನ್ಯಾಸ ಲಿನಕ್ಸಿನಲ್ಲೇ ಸಿದ್ಧವಾಗಿದೆ. ಕಾನ್ಫಿಗ್ ಕಡತದ (ಅದು ಎಲ್ಲಿದೆ ಎಂಬುದು "ಕಡತವನ್ನು ತಿದ್ದುವುದು" ಎಂಬ ಭಾಗದಲ್ಲಿದೆ) ಕೊನೆಯಲ್ಲಿ "ಎಕ್ಸೆಕ್ ಅಂಡರ್‌ಸ್ಕೋರ್ ಆಲ್ವೇಸ್" ಎಂದು ಆರಂಭವಾಗುವ ಒಂದು ಸಾಲು ಸೇರಿಸಿ, ಅದರಲ್ಲಿ "ಸೆಟ್‌ಎಕ್ಸ್‌ಕೆಬಿಮ್ಯಾಪ್" ಆದೇಶಕ್ಕೆ ಮೂರು ಸಂಗತಿಗಳನ್ನು ಕೊಡಬೇಕು: ಲೇಔಟ್ ಎಂಬುದಕ್ಕೆ "ಯುಎಸ್,ಐಎನ್", ವೇರಿಯಂಟ್ ಎಂಬುದಕ್ಕೆ ",ಕೆಎಎನ್-ಕಗಪ", ಆಪ್ಷನ್ ಎಂಬುದಕ್ಕೆ "ಜಿಆರ್‌ಪಿ:ಕ್ಯಾಪ್ಸ್_ಟಾಗಲ್". ವೇರಿಯಂಟಿನ ಆರಂಭದಲ್ಲಿ ಇರುವ ಅಲ್ಪವಿರಾಮವನ್ನು ಬಿಡಬಾರದು. ಇಂಗ್ಲಿಷಿಗೆ ವಿಶೇಷ ರೂಪ ಬೇಡ, ಕನ್ನಡಕ್ಕೆ ಮಾತ್ರ ಕಗಪ ಇರಲಿ ಎಂದು ಅದು ಹೇಳುತ್ತದೆ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕನ್ನಡ ವಿನ್ಯಾಸ ಬೇಕಾದವರು ಕಗಪ ಎಂಬ ಭಾಗವನ್ನು ಬಿಟ್ಟು ಬರೀ ಕೆಎಎನ್ ಎಂದಿಡಬಹುದು. ಕಡತವನ್ನು ಉಳಿಸಿ, ಮಾಡ್, ಶಿಫ್ಟ್ ಮತ್ತು ಆರ್ ಒತ್ತಿ ಐ3 ಅನ್ನು ಮರುಪ್ರಾರಂಭಿಸಿದರೆ, ಕ್ಯಾಪ್ಸ್ ಲಾಕ್ ಒತ್ತಿದೊಡನೆ ಭಾಷೆ ಬದಲಾಗುತ್ತದೆ, ಮತ್ತು ಆ ಕೀಲಿ ಐ3ಯ ಯಾವ ಆದೇಶಕ್ಕೂ ಅಡ್ಡ ಬರುವುದಿಲ್ಲ.

ಹೊರಗಿನ ಯುಎಸ್‌ಬಿ ಕೀಲಿಮಣೆಯನ್ನು ತೆಗೆದು ಹಾಕಿದಾಗ ಈ ಹೊಂದಾಣಿಕೆ ಅಳಿಸಿಹೋಗುವುದುಂಟು. ಆಗಲೂ ಮಾಡ್, ಶಿಫ್ಟ್ ಮತ್ತು ಆರ್ ಒತ್ತಿ ಐ3 ಅನ್ನು ಇದ್ದಲ್ಲಿಯೇ ಮರುಪ್ರಾರಂಭಿಸಬೇಕು. ತೆರೆದ ವಿಂಡೋಗಳು ಹಾಗೆಯೇ ಉಳಿಯುತ್ತವೆ. ಕಾನ್ಫಿಗ್ ಅನ್ನು ಮತ್ತೆ ಓದಿಸುವ ಮಾಡ್, ಶಿಫ್ಟ್ ಮತ್ತು ಸಿ ಇಲ್ಲಿ ಸಾಲದು, ಏಕೆಂದರೆ ಎಕ್ಸೆಕ್ ಆಲ್ವೇಸ್ ಸಾಲುಗಳು ಮರುಪ್ರಾರಂಭದಲ್ಲಿ ಮಾತ್ರ ಮತ್ತೆ ನಡೆಯುತ್ತವೆ. ಪದೇ ಪದೇ ಹೀಗಾಗುತ್ತಿದ್ದರೆ ಇದೇ ಮೂರು ಸಂಗತಿಗಳನ್ನು ಡೆಬಿಯನ್ನಿನ ಇಟಿಸಿ ಫೋಲ್ಡರಿನಲ್ಲಿ, ಡಿಫಾಲ್ಟ್ ಎಂಬುದರೊಳಗಿರುವ ಕೀಬೋರ್ಡ್ ಕಡತದಲ್ಲಿ ಬರೆದಿಡುವುದು ಶಾಶ್ವತ ಪರಿಹಾರ.

ಲಿನಕ್ಸಿನಲ್ಲಿ ಬೇರೆ ಬೇರೆ ಭಾಷೆಗಳನ್ನು ಟೈಪ್ ಮಾಡಲು ನೆರವಾಗುವ ಐಬಸ್ ಎಂಬ ತಂತ್ರಾಂಶದ ಮೂಲಕ ಬರೆಯುವವರು ಎರಡು ವಿಷಯ ಗಮನಿಸಬೇಕು. ಐ3ಯಲ್ಲಿ ಐಬಸ್ ತಾನಾಗಿ ಶುರುವಾಗದಿದ್ದರೆ "ಐಬಸ್-ಡೀಮನ್" ಅನ್ನು ಕಾನ್ಫಿಗ್ ಕಡತದ ಎಕ್ಸೆಕ್ ಸಾಲಿನಲ್ಲಿ (ಲಾಗಿನ್ ಆದಾಗ ತಂತ್ರಾಂಶವನ್ನು ಶುರುಮಾಡುವ ಸಾಲು) ಕರೆಯಬೇಕು. ಇನ್ನು, ಐಬಸ್ಸಿನಲ್ಲಿ ಭಾಷೆ ಬದಲಿಸುವ ರೂಢಿಯ ಜೋಡಿ ವಿಂಡೋಸ್ ಕೀಲಿ ಮತ್ತು ಸ್ಪೇಸ್. ಐ3ಯಲ್ಲಿ ಅದೇ ಜೋಡಿ ಉಳಿದವುಗಳ ಮೇಲೆ ತೇಲುವ ವಿಂಡೋ ಮತ್ತು ಪಕ್ಕಪಕ್ಕ ಹಾಸಿದ ವಿಂಡೋಗಳ ನಡುವೆ ಗಮನ ಬದಲಿಸುತ್ತದೆ. ಎರಡರಲ್ಲಿ ಒಂದು ಸೋಲುವುದು ಖಚಿತವಾದ್ದರಿಂದ ಐಬಸ್ಸಿನ ಜೋಡಿಯನ್ನು ಬದಲಿಸಿಕೊಳ್ಳಿ. ಯಾವ ದಾರಿ ಹಿಡಿದರೂ ಡಿಮೆನು ತೆರೆಯುವ ಮೊದಲು ಇಂಗ್ಲಿಷಿಗೆ ಮರಳಿರಬೇಕು. ಅಲ್ಲಿ ಕನ್ನಡ ಅಕ್ಷರ ಬಿದ್ದರೆ ಯಾವ ತಂತ್ರಾಂಶವೂ ಸಿಗುವುದಿಲ್ಲ.

ಪರದೆಯನ್ನು ಹಂಚುವ ಬಗೆ

ಐ3 ವಿಂಡೋಗಳನ್ನು ಮರದ ರೂಪದಲ್ಲಿ ನೆನಪಿಡುತ್ತದೆ: ಪ್ರತಿ ಕೊಂಬೆ ಒಂದು ಕಂಟೇನರ್, ಅದರೊಳಗೆ ವಿಂಡೋಗಳು ಅಥವಾ ಮತ್ತಷ್ಟು ಕಂಟೇನರುಗಳು. ಗಿರಣಿಯ ಉದಾಹರಣೆಯನ್ನೇ ನೋಡೋಣ. ಲೆಕ್ಕದ ಹಾಳೆಯನ್ನು ತೆರೆದರೆ ಅದು ಇಡೀ ಪರದೆಯನ್ನು ತುಂಬುತ್ತದೆ. ನಂತರ ಬ್ರೌಸರ್ ತೆರೆದರೆ ಅದು ಬಲಕ್ಕೆ ಬಂದು ಪರದೆ ಅರ್ಧರ್ಧವಾಗುತ್ತದೆ. ಈಗ ಬ್ರೌಸರಿನ ಮೇಲೆ ಗಮನವಿಟ್ಟು ಮಾಡ್ ಮತ್ತು ವಿ ಒತ್ತಬೇಕು. ತಕ್ಷಣಕ್ಕೆ ಏನೂ ಆದಂತೆ ಕಾಣುವುದಿಲ್ಲ, ಏಕೆಂದರೆ ಆ ಆದೇಶ ಮುಂದೆ ಬರುವ ವಿಂಡೋ ಎಲ್ಲಿ ಕೂರಬೇಕೆಂಬುದನ್ನು ಮಾತ್ರ ನಿಗದಿಪಡಿಸುತ್ತದೆ. ಪತ್ರವನ್ನು ತೆರೆದಾಗ ಅದು ಬ್ರೌಸರಿನ ಕೆಳಗೆ ಬರುತ್ತದೆ. ಎಡಬಲವಾಗಿ ಹಂಚಬೇಕಾದಲ್ಲಿ ವಿ ಬದಲು ಎಚ್.

ಆದರೆ 1366 ಗುಣಿಸು 768 ಚುಕ್ಕೆಗಳ ಸಾಮಾನ್ಯ ಲ್ಯಾಪ್‌ಟಾಪ್ ಪರದೆಯಲ್ಲಿ ಹೀಗೆ ಮೂರು ಪಾಲು ಮಾಡಿದರೆ ಪತ್ರದ ಸಾಲು ಅರ್ಧಕ್ಕೇ ಮುರಿಯುತ್ತದೆ, ಇ-ವೇ ಬಿಲ್ ಪುಟ ಅಡ್ಡಕ್ಕೆ ಸರಿಸಿ ಓದುವಂತಾಗುತ್ತದೆ. ಅಂತರ್ಜಾಲದಲ್ಲಿ ಹಂಚುವ ಆರು ಪಾಲಿನ ಸುಂದರ ಚಿತ್ರಗಳು ದೊಡ್ಡ ಮಾನಿಟರಿನವು. ಚಿಕ್ಕ ಪರದೆಯಲ್ಲಿ ಎರಡು ಪಾಲಿಗಿಂತ ಹೆಚ್ಚು ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ಇಲ್ಲಿ ನೆರವಿಗೆ ಬರುವುದು ಟ್ಯಾಬ್ ವಿನ್ಯಾಸ. ಬ್ರೌಸರ್ ಅಥವಾ ಪತ್ರದ ಮೇಲೆ ನಿಂತು ಮಾಡ್ ಮತ್ತು ಡಬ್ಲ್ಯು ಒತ್ತಿದರೆ ಬಲಭಾಗದ ಎರಡೂ ವಿಂಡೋಗಳು ಒಂದೇ ಜಾಗದಲ್ಲಿ ಟ್ಯಾಬುಗಳಾಗುತ್ತವೆ. ಎಡಕ್ಕೆ ಲೆಕ್ಕದ ಹಾಳೆ ಕಣ್ಣೆದುರೇ ಇರುತ್ತದೆ. ಮಾಡ್ ಮತ್ತು ಇ ಒತ್ತಿದರೆ ಮತ್ತೆ ಪಾಲುಗಳು. ಇಡೀ ಬಲಭಾಗವನ್ನು ಒಟ್ಟಾಗಿ ಸರಿಸಬೇಕಾದರೆ ಮೊದಲು ಮಾಡ್ ಮತ್ತು ಎ ಒತ್ತಿ ತಾಯಿ ಕಂಟೇನರಿಗೆ ಏರಬೇಕು. ಅಗಲ ಹೆಚ್ಚಿಸಲು ಮಾಡ್ ಮತ್ತು ಆರ್ ಒತ್ತಿ, ಬಾಣದ ಕೀಲಿಗಳಿಂದ ಅಳತೆ ಸರಿಪಡಿಸಿ, ಎಸ್ಕೇಪ್ ಒತ್ತಿ ಹೊರಬರಬೇಕು. ಒಂದನ್ನೇ ಪರದೆ ತುಂಬ ನೋಡಲು ಮಾಡ್ ಮತ್ತು ಎಫ್.

ವರ್ಕ್‌ಸ್ಪೇಸುಗಳು, ಅಂದರೆ ಅಂಕಿಯಿಂದ ಗುರುತಿಸುವ ಬೇರೆ ಬೇರೆ ಪರದೆಗಳು, ಇದಕ್ಕಿಂತ ಮುಖ್ಯ. ಮಾಡ್ ಜೊತೆ ಅಂಕಿ ಒತ್ತಿದರೆ ಆ ಸಂಖ್ಯೆಯ ವರ್ಕ್‌ಸ್ಪೇಸಿಗೆ ಹೋಗುತ್ತೇವೆ, ಶಿಫ್ಟನ್ನೂ ಸೇರಿಸಿದರೆ ಎದುರಿನ ವಿಂಡೋ ಅಲ್ಲಿಗೆ ಹೋಗುತ್ತದೆ. ಲೆಕ್ಕ 1ರಲ್ಲಿ, ಬ್ರೌಸರ್ 2ರಲ್ಲಿ, ಪತ್ರ 3ರಲ್ಲಿ ಎಂದು ಒಮ್ಮೆ ಗೊತ್ತುಮಾಡಿಕೊಂಡು ಅದನ್ನು ಬದಲಿಸದಿದ್ದರೆ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ.

ಕಡತವನ್ನು ತಿದ್ದುವುದು

ಕಾನ್ಫಿಗ್ ಕಡತವು ಹೋಮ್ ಫೋಲ್ಡರಿನಲ್ಲಿ, ಚುಕ್ಕೆಯಿಂದ ಆರಂಭವಾಗುವ ಕಾನ್ಫಿಗ್ ಎಂಬ ಅಡಗಿದ ಫೋಲ್ಡರಿನೊಳಗಿನ ಐ3 ಫೋಲ್ಡರಿನಲ್ಲಿರುತ್ತದೆ. ತಿದ್ದುವ ಮುನ್ನ ಒಂದು ಪ್ರತಿ ತೆಗೆದಿಡಿ. ತಿದ್ದಿದ ಮೇಲೆ ಟರ್ಮಿನಲ್ಲಿನಲ್ಲಿ ಐ3 ಎಂದು ಬರೆದು, ಅಡ್ಡಗೆರೆ ಮತ್ತು ದೊಡ್ಡಕ್ಷರದ ಸಿ ಕೊಟ್ಟರೆ ತಪ್ಪುಗಳಿದ್ದಲ್ಲಿ ಸಾಲಿನ ಸಂಖ್ಯೆ ಸಹಿತ ತೋರಿಸುತ್ತದೆ.

ವರ್ಕ್‌ಸ್ಪೇಸುಗಳಿಗೆ ಕನ್ನಡ ಹೆಸರಿಡುವುದು ಸುಲಭ. ಕಡತದಲ್ಲಿ "ಸೆಟ್ $ಡಬ್ಲ್ಯುಎಸ್1" ಎಂದಿರುವ ಸಾಲಿನ ಕೊನೆಯಲ್ಲಿ ಉದ್ಧರಣ ಚಿಹ್ನೆಯೊಳಗಿರುವ 1 ಅನ್ನು "1:ಲೆಕ್ಕ" ಎಂದು, 2 ಅನ್ನು "2:ಬಿಲ್" ಎಂದು ಬದಲಿಸಿ. ಮೊದಲಿಗಿರುವ ಅಂಕಿಯನ್ನು ಅಳಿಸಬೇಡಿ, ಕೀಲಿಗಳು ಅದನ್ನೇ ಹುಡುಕುತ್ತವೆ. ಕೆಳಗಿನ ಪಟ್ಟಿಯಲ್ಲಿ ಅಕ್ಷರಗಳ ಬದಲು ಚೌಕಗಳು ಕಂಡರೆ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲವೆಂದರ್ಥ. ಡೆಬಿಯನ್ನಿನ ಗುಬ್ಬಿ ಅಥವಾ ಲೋಹಿತ್ ಫಾಂಟನ್ನು ಹಾಕಿಕೊಂಡು, "ಫಾಂಟ್ ಪ್ಯಾಂಗೊ" ಎಂಬ ಸಾಲಿನಲ್ಲಿ ಅದರ ಹೆಸರು ಮತ್ತು 11 ಎಂಬ ಗಾತ್ರವನ್ನು ಬರೆಯಿರಿ. ಮೊದಲಿನಿಂದ ಬರುವ 8ರ ಗಾತ್ರದಲ್ಲಿ ಒತ್ತಕ್ಷರಗಳನ್ನು ಓದುವುದು ಕಣ್ಣಿಗೆ ಶಿಕ್ಷೆ.

ಮುಂದಿನ ಹೆಜ್ಜೆಯಲ್ಲಿ ತಂತ್ರಾಂಶಗಳು ತಮ್ಮ ಜಾಗಕ್ಕೆ ತಾವೇ ಹೋಗುವಂತೆ ಮಾಡಬೇಕು. ಟರ್ಮಿನಲ್ಲಿನಲ್ಲಿ "ಎಕ್ಸ್‌ಪ್ರಾಪ್" ಎಂದು ಕೊಟ್ಟು ಬೇಕಾದ ವಿಂಡೋ ಮೇಲೆ ಕ್ಲಿಕ್ ಮಾಡಿ; ಡಬ್ಲ್ಯುಎಂ ಕ್ಲಾಸ್ ಎಂಬ ಸಾಲಿನಲ್ಲಿ ಎರಡು ಹೆಸರುಗಳಿರುತ್ತವೆ, ನಮಗೆ ಬೇಕಾದದ್ದು ಎರಡನೆಯದು. "ಅಸೈನ್" ಎಂದು ಬರೆದು, ಚೌಕ ಆವರಣದಲ್ಲಿ ಆ ಕ್ಲಾಸ್ ಹೆಸರನ್ನೂ ಅದರ ಮುಂದೆ ವರ್ಕ್‌ಸ್ಪೇಸನ್ನೂ ಕೊಟ್ಟರೆ ಬ್ರೌಸರ್ ಯಾವಾಗಲೂ 2ರಲ್ಲೇ ತೆರೆಯುತ್ತದೆ. ಅದೇ ಆವರಣವನ್ನು "ಫಾರ್_ವಿಂಡೋ" ಎಂಬ ಪದದ ನಂತರ ಇಟ್ಟು "ಫ್ಲೋಟಿಂಗ್ ಎನೇಬಲ್" ಎಂದರೆ ಕ್ಯಾಲ್ಕ್ಯುಲೇಟರಿನಂಥ ಚಿಕ್ಕ ವಿಂಡೋ ಅರ್ಧ ಪರದೆ ಕಬಳಿಸದೆ ಮೇಲೆ ತೇಲುತ್ತದೆ. ಕರೆಂಟ್ ಹೋಗಿ ಯಂತ್ರ ಆರಿದರೆ ಜೋಡಿಸಿಟ್ಟ ವಿನ್ಯಾಸವೂ ಹೋಗುತ್ತದೆ. ವಿನ್ಯಾಸ ಉಳಿಸುವ "ಐ3-ಸೇವ್-ಟ್ರೀ" ಚೌಕಟ್ಟನ್ನು ಮಾತ್ರ ಉಳಿಸುತ್ತದೆ, ತಂತ್ರಾಂಶಗಳನ್ನಲ್ಲ. ಅಸೈನ್ ಸಾಲುಗಳ ಜೊತೆ ದಿನಬಳಕೆಯ ಮೂರು ತಂತ್ರಾಂಶಗಳಿಗೆ ಒಂದೊಂದು ಎಕ್ಸೆಕ್ ಸಾಲು ಬರೆದಿಟ್ಟರೆ, ಲಾಗಿನ್ ಆದೊಡನೆ ಎಲ್ಲವೂ ತಮ್ಮ ತಮ್ಮ ವರ್ಕ್‌ಸ್ಪೇಸಿನಲ್ಲಿ ತೆರೆದುಕೊಳ್ಳುತ್ತವೆ. ಅಷ್ಟಾದ ಮೇಲೆ ಬಣ್ಣ ಬೇಕಾದವರು ಬಣ್ಣ ಹಾಕಿಕೊಳ್ಳಲಿ. ವಿಂಡೋಗಳ ನಡುವೆ ತೆರಪು ಬೇಕಾದರೆ 4.22ನೇ ಆವೃತ್ತಿಯಿಂದ ಐ3ಯಲ್ಲೇ ಆ ಸೌಲಭ್ಯವಿದೆ.

ಮುಂದೆ ಲಿನಕ್ಸಿನಲ್ಲಿ ಪರದೆಯನ್ನು ನಡೆಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡಿಗೆ ಹೋಗಬೇಕೆನ್ನುವವರಿಗೆ, 2019ರಲ್ಲಿ 1.0 ಆವೃತ್ತಿ ಕಂಡ ಸ್ವೇ ಎಂಬ ಟೈಲಿಂಗ್ ಮ್ಯಾನೇಜರ್ ಇದೇ ಕಡತವನ್ನು ಬಹುಮಟ್ಟಿಗೆ ಹಾಗೆಯೇ ಓದುತ್ತದೆ. ಆದರೆ ಸೆಟ್‌ಎಕ್ಸ್‌ಕೆಬಿಮ್ಯಾಪ್ ಅಲ್ಲಿ ನಡೆಯುವುದಿಲ್ಲ; ಲೇಔಟ್, ವೇರಿಯಂಟ್, ಆಪ್ಷನ್ ಮೂರನ್ನೂ "ಇನ್‌ಪುಟ್" ಎಂಬ ವಿಭಾಗದಲ್ಲಿ ಬರೆಯಬೇಕು. ಕನ್ನಡ ವಿನ್ಯಾಸದಲ್ಲಿದ್ದಾಗಲೂ ಆದೇಶದ ಕೀಲಿಗಳು ನಡೆಯಬೇಕಾದರೆ ಕಡತದಲ್ಲಿ ಕೀಲಿಯನ್ನು ಆದೇಶಕ್ಕೆ ಜೋಡಿಸುವ ಪ್ರತಿ ಬೈಂಡ್‌ಸಿಮ್ ಪದದ ನಂತರ ಎರಡು ಅಡ್ಡಗೆರೆ ಹಾಕಿ "ಟು-ಕೋಡ್" ಎಂದು ಸೇರಿಸಬೇಕು.