ಮೊದಲು ಮಲಗುವ ಎತ್ತರ, ಆಮೇಲೆ ಕಿಲೋಮೀಟರು

ಮೊದಲ ಸಲ ನಾನೂ ಗೆಳೆಯನೂ ಮನಾಲಿಯಿಂದ ಹಿಮಾಚಲದ ಸ್ಪಿತಿ ಕಣಿವೆಗೆ ಸೈಕಲ್ ತುಳಿದು ಹೊರಟಾಗ, ಚಂದ್ರತಾಲ್ ಸರೋವರದ ಹತ್ತಿರದ ಗುಡಾರದಲ್ಲಿ ಒಂದು ರಾತ್ರಿ ನಾನು ಮೂರು ಸಲ ವಾಂತಿ ಮಾಡಿಕೊಂಡೆ. ನಾಲ್ಕನೆಯ ಸಲ ಹೊರಗೆ ಹೋಗಲು ಎದ್ದಾಗ ಕಾಲು ನೆಟ್ಟಗೆ ನಿಲ್ಲಲಿಲ್ಲ. ಬೆಳಕು ಹರಿಯುತ್ತಲೇ ಗೆಳೆಯ ಮರಳಿ ಹೊರಟಿದ್ದ ಜೀಪೊಂದನ್ನು ಹಿಡಿದು, ಎರಡೂ ಸೈಕಲ್‌ಗಳನ್ನು ಅದರ ನೆತ್ತಿಗೆ ಕಟ್ಟಿಸಿ, ನನ್ನನ್ನು ಕೆಳಗಿಳಿಸಿದ. ಸಂಜೆ ಮನಾಲಿಯಲ್ಲಿ ಕೂತು ಅನ್ನ ಸಾರು ಉಂಡೆ, ಏನೂ ಆಗಿರಲೇ ಇಲ್ಲವೇನೋ ಎಂಬಂತೆ. ನಡಿಗೆ ತೂರಾಡತೊಡಗಿದರೆ ಬೆಳಗಿನವರೆಗೆ ಕಾಯುವುದೂ ಅಪಾಯ, ಆ ಗಳಿಗೆಯಲ್ಲೇ ಇಳಿಯಬೇಕು ಎಂಬುದು ನಮಗಿಬ್ಬರಿಗೂ ಆಗ ಗೊತ್ತಿರಲಿಲ್ಲ.

ಪುಣೆಗೆ ಮರಳಿ, ಕೋಥರೂಡಿನ ಮನೆಯಲ್ಲಿ ನಮ್ಮ ಯೋಜನೆಯ ವಹಿಯನ್ನು ತೆರೆದು ನೋಡಿದೆ. ದಿನ, ಊರು, ಕಿಲೋಮೀಟರು, ಖರ್ಚು ಎಂದು ನಾಲ್ಕು ಕಾಲಂ ಎಳೆದಿದ್ದೆವು. ಎತ್ತರದ ಕಾಲಂ ಇರಲೇ ಇಲ್ಲ. ಹೊಸದಾಗಿ ಗೆರೆ ಎಳೆದು ಬರೆದೆ: ಮನಾಲಿ 2,050 ಮೀಟರ್. ಮೊದಲ ರಾತ್ರಿ ಮಢಿ, ಸುಮಾರು 3,300. ಎರಡನೆಯ ರಾತ್ರಿ ಛತ್ರು, ಹೆಚ್ಚುಕಡಿಮೆ ಅಷ್ಟೇ. ಮೂರನೆಯ ರಾತ್ರಿ ಚಂದ್ರತಾಲ್, 4,250. ಮೂರು ರಾತ್ರಿಯಲ್ಲಿ 2,200 ಮೀಟರ್! ಕಾಲುಗಳಿಗೆ ಶಕ್ತಿ ಇತ್ತು, ಏರಿದವು. ಆದರೆ ರಕ್ತ ಕಾಲಿನ ವೇಗಕ್ಕೆ ಬದಲಾಗುವುದಿಲ್ಲ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡದ ನೂರರಲ್ಲಿ ಸುಮಾರು 60 ಪಾಲಿಗೆ ಬಂದಿರುತ್ತದೆ. ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಅಷ್ಟೇ ಕಡಿಮೆ. ದೇಹ ಅದಕ್ಕೆ ಒಗ್ಗಿಕೊಳ್ಳಲು ದಿನಗಳು ಬೇಕು. ಪರ್ವತ ವೈದ್ಯರು ಹೇಳುವ ನಿಯಮ ಸರಳವಾಗಿದೆ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಇದ್ದಲ್ಲೇ ಇನ್ನೊಂದು ರಾತ್ರಿ ಕಳೆಯಬೇಕು. ಹಗಲು ಎಷ್ಟು ಮೇಲೆ ಹೋಗಿ ಬಂದೆವು ಎಂಬುದಕ್ಕಿಂತ ರಾತ್ರಿ ಎಲ್ಲಿ ತಲೆಯಿಟ್ಟೆವು ಎಂಬುದು ಮುಖ್ಯ.

ಎರಡನೆಯ ಸಲದ ಯೋಜನೆ ಆ ಒಂದೇ ಕಾಲಮಿನಿಂದ ಹುಟ್ಟಿತು. ಮೊದಲು ಮಲಗುವ ಎತ್ತರ ಬರೆದೆವು, ಊರುಗಳು ಅದಕ್ಕೆ ತಕ್ಕಂತೆ ಬಂದು ಕೂತವು, ಕಿಲೋಮೀಟರು ಕೊನೆಗೆ ಬಂತು.

ದಿಕ್ಕನ್ನೇ ತಿರುಗಿಸಿದೆವು. ಸ್ಪಿತಿಗೆ ಎರಡು ಬಾಗಿಲು: ಒಂದು ಮನಾಲಿಯ ಕಡೆಯಿಂದ, ಗಿಡ್ಡ ದಾರಿ, ಕಡಿದಾದ ಏರು. ಇನ್ನೊಂದು ಶಿಮ್ಲಾದಿಂದ ಸಟ್ಲೆಜ್ ನದಿಯನ್ನು ಹಿಡಿದು ಕಿನ್ನೌರ್ ದಾಟಿ ಬರುವ ಉದ್ದದ ದಾರಿ. ಶಿಮ್ಲಾದಿಂದ ಸ್ಪಿತಿಯ ಮುಖ್ಯ ಊರಾದ ಕಾಜಾಕ್ಕೆ 400 ಕಿ.ಮೀ. ಮೀರುತ್ತದೆ, ಅಲ್ಲಿಂದ ಕುಂಜುಮ್ ಕಣಿವೆದಾರಿ ಏರಿ ಮನಾಲಿಗೆ ಇನ್ನೊಂದು 200. ಉದ್ದವೇ ಇಲ್ಲಿ ಔಷಧ. ನಾರ್ಕಂಡಾದಲ್ಲಿ 2,700 ಮೀಟರ್ ಏರಿ ಮಾರನೆಯ ದಿನ ರಾಮಪುರದಲ್ಲಿ ಸಾವಿರಕ್ಕೆ ಇಳಿಯುತ್ತೇವೆ. ಆಮೇಲೆ ಟಾಪ್ರಿ, ಕಲ್ಪಾ. ಹೀಗೆ ದೇಹಕ್ಕೆ ಸಮಯ ಸಿಗುತ್ತದೆ.

ಆದರೆ ಆ ದಾರಿಯಲ್ಲೂ ಒಂದು ಗಂಟು ಇದೆ, ಅದನ್ನು ಬಿಡಿಸಲು ನಮಗೆ ಎರಡು ಭಾನುವಾರ ಹಿಡಿಯಿತು. ಖಾಬ್ ಎಂಬಲ್ಲಿ ಸ್ಪಿತಿ ನದಿ ಸಟ್ಲೆಜ್‌ಗೆ ಸೇರುತ್ತದೆ. ಅಲ್ಲಿಂದ ರಸ್ತೆ ತಿರುವಿನ ಮೇಲೆ ತಿರುವು ಹಾಕಿ ಒಂದೇ ಸಮನೆ ನಾಕೋ ಎಂಬ ಹಳ್ಳಿಗೆ ಏರುತ್ತದೆ. ನಾಕೋ 3,660 ಮೀಟರ್. ಹಿಂದಿನ ರಾತ್ರಿ ಮಲಗಲು ಸಿಗುವ ಸ್ಪಿಲೋದಂಥ ಊರುಗಳು ನದಿಯ ಮಟ್ಟದಲ್ಲಿ, ಸಾವಿರ ಮೀಟರ್‌ಗೂ ಹೆಚ್ಚು ಕೆಳಗೆ. ನಡುವೆ ಉಳಿಯಲು ಹೇಳಿಕೊಳ್ಳುವಂಥ ಜಾಗವಿಲ್ಲ. ನಿಯಮ ಮುರಿಯದೆ ವಿಧಿಯಿಲ್ಲ ಎಂದಾಗ ಮುರಿಯುವ ಮುಂಚೆ ಒಂದಿಷ್ಟು ಜಮೆ ಮಾಡಿಕೊಳ್ಳಬೇಕು. 2,960 ಮೀಟರ್ ಎತ್ತರದ ಕಲ್ಪಾದಲ್ಲಿ ಎರಡು ರಾತ್ರಿ ಇಟ್ಟೆವು, ನಾಕೋದಲ್ಲೂ ಎರಡು. ಆಮೇಲೆ ತಾಬೋ, 3,280, ನಾಕೋಗಿಂತ ತಗ್ಗು, ಕ್ರಿ.ಶ. 996ರಲ್ಲಿ ಕಟ್ಟಿದ ಮಣ್ಣಿನ ಗೋಡೆಯ ವಿಹಾರ ಅಲ್ಲಿದೆ. ಕಾಜಾದಲ್ಲಿ ಮೂರು ರಾತ್ರಿ. ಹಗಲು ಖಾಲಿ ಸೈಕಲ್ ತುಳಿದು ಕೀ ವಿಹಾರದ ಕಡೆಗೆ, ಹಿಕ್ಕಿಮ್ ಕಡೆಗೆ ಏರುವುದು, ರಾತ್ರಿ ಇಳಿದು ಕಾಜಾದಲ್ಲೇ ಮಲಗುವುದು. ಲೋಸರ್ ಒಂದು ರಾತ್ರಿ, ಬಾತಲ್ ಒಂದು, ಛತ್ರು ಒಂದು. ಒಟ್ಟು 16 ದಿನ, ಅದರ ಮೇಲೆ ಯಾವ ಊರಿಗೂ ಹಂಚದ 4 ದಿನ. ಈ 4 ದಿನಗಳಿಗಾಗಿ ಕಚೇರಿಯಲ್ಲಿ ಹೆಚ್ಚುವರಿ ರಜೆ ಕೇಳುವುದೇ ಇಡೀ ತಯಾರಿಯ ಅತಿ ಕಷ್ಟದ ಕೆಲಸವಾಗಿತ್ತು. ಅವುಗಳಲ್ಲಿ ಒಂದು ಟಾಪ್ರಿಯಲ್ಲೇ ಖರ್ಚಾಯಿತು: ಮುಂದೆ ಗುಡ್ಡ ಜರಿದು ರಸ್ತೆ ಮುಚ್ಚಿತ್ತು.

ತಿಂಗಳಿನ ಆಯ್ಕೆಯೂ ಹೀಗೆಯೇ. ಸ್ಪಿತಿ ಮಳೆನೆರಳಿನ ನಾಡು, ಜುಲೈಯಲ್ಲೂ ಒಣಗಿರುತ್ತದೆ. ಆದರೆ ಅಲ್ಲಿಗೆ ಹೋಗುವ ಕಿನ್ನೌರಿನ ರಸ್ತೆಗೆ ಮುಂಗಾರು ತಪ್ಪಿದ್ದಲ್ಲ. ಜೂನ್ ಎಂದರೆ ಕುಂಜುಮ್ ಮೇಲೆ ಹಿಮ, ಬಾತಲ್ ಆಚೆಯ ಹಳ್ಳಗಳಲ್ಲಿ ಕರಗಿದ ನೀರು. ಸೆಪ್ಟೆಂಬರಿನ ಎರಡನೆಯ ವಾರ ಹೊರಟೆವು. ರಾತ್ರಿ ಚಳಿ ಹೆಚ್ಚು, ಹಳ್ಳಗಳು ಬಡಕಲು.

ಇನ್ನು ಸೈಕಲ್. ಮೊದಲ ಸಲ ನನ್ನ ಸೈಕಲ್ಲಿನ ಅತಿ ಹಗುರ ಗೇರು ಮುಂದೆ 34 ಹಲ್ಲು, ಹಿಂದೆ 28. ಪೆಡಲ್ ಒಂದು ಸುತ್ತಿಗೆ ಚಕ್ರ 2.6 ಮೀಟರ್ ಉರುಳುತ್ತಿತ್ತು. ಪುಣೆಯ ಹತ್ತಿರದ ಬೋಪ್‌ದೇವ್ ಘಾಟ್‌ಗೆ ಅದು ಸಾಕು. ಸಾಮಾನು ಹೊತ್ತು 4,000 ಮೀಟರ್‌ನಲ್ಲಿ ಸಾಲದು. ಈ ಸಲ ಮುಂದೆ 22, ಹಿಂದೆ 34 ಹಲ್ಲು ಹಾಕಿಸಿದೆ. ಒಂದು ಸುತ್ತಿಗೆ 1.4 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 5 ಕಿ.ಮೀ., ಅಂದರೆ ಚುರುಕಾಗಿ ನಡೆಯುವವನ ವೇಗ. ಅದರಲ್ಲಿ ನಾಚಿಕೆಯೇನಿಲ್ಲ. ಏದುಸಿರಿಲ್ಲದೆ ಮಾತಾಡುತ್ತಾ ಏರಲು ಆಗುವ ಗೇರೇ ಎತ್ತರದ ಗೇರು.

ಶನಿವಾರ ಪೇಟೆಯ ಹಿರಿಯ ಮೇಸ್ತ್ರಿಯೊಬ್ಬರು ನಮಗೆ ನಾಲ್ಕು ಸಂಜೆ ಚಕ್ರದ ಪಾಠ ಹೇಳಿದರು. ಭಾರ ಹೊತ್ತ ಸೈಕಲ್ಲಿನಲ್ಲಿ ಮುರಿಯುವುದು ಹೆಚ್ಚಾಗಿ ಹಿಂಚಕ್ರದ ಬಲಗಡೆಯ ಕಡ್ಡಿ, ಗೇರಿನ ಹಲ್ಲುಗಳ ಮರೆಯಲ್ಲಿರುವುದು. ಅದನ್ನು ಬದಲಿಸಬೇಕಾದರೆ ಮೊದಲು ಹಲ್ಲಿನ ಗೊಂಚಲನ್ನೇ ಕಳಚಬೇಕು. ಅದರ ಕೀಲಿ ಜೊತೆಗಿಲ್ಲದಿದ್ದರೆ ಚೀಲದಲ್ಲಿ ಹತ್ತು ಕಡ್ಡಿ ಇದ್ದರೂ ವ್ಯರ್ಥ. ಎಡಗಡೆಯ ಕಡ್ಡಿ, ಬಲಗಡೆಯ ಕಡ್ಡಿ ಒಂದೇ ಉದ್ದವೂ ಅಲ್ಲ. ಮೇಸ್ತ್ರಿ ಕಡ್ಡಿಗಳನ್ನು ಬೆರಳಿನಿಂದ ಮೀಟಿ ಕಿವಿಗೊಡುತ್ತಿದ್ದರು: ಒಂದೇ ಬದಿಯವೆಲ್ಲ ಒಂದೇ ಸ್ವರ ಕೊಡಬೇಕು, ಮಂದವಾಗಿ ನುಡಿದದ್ದು ಸಡಿಲ. ನನಗೆ ಅದು ಸುಲಭಕ್ಕೆ ಒಲಿಯಲಿಲ್ಲ. ಗೆಳೆಯ ಧಾರವಾಡದವನು, ಪ್ರತಿ ಡಿಸೆಂಬರಿನಲ್ಲಿ ಸವಾಯಿ ಗಂಧರ್ವ ಭೀಮಸೇನ ಸಂಗೀತ ಮಹೋತ್ಸವಕ್ಕೆ ತಪ್ಪದೆ ಹೋಗಿ ಕೂರುವವನು. ಮೊದಲ ಸಂಜೆಯೇ ಕಣ್ಣು ಮುಚ್ಚಿ ಸಡಿಲ ಕಡ್ಡಿಯನ್ನು ಗುರುತಿಸಿದ. ಕಡ್ಡಿ ಬಿಗಿಮಾಡುವ ಕೀಲನ್ನು ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಿದರೆ ಮೇಸ್ತ್ರಿ ಕೈ ಹಿಡಿದು ಮರಾಠಿಯಲ್ಲಿ ‘ಹಳೂ, ಹಳೂ’, ಮೆಲ್ಲಗೆ, ಎನ್ನುತ್ತಿದ್ದರು. ನಾಕೋದಿಂದ ಇಳಿಯುವಾಗ ನನ್ನ ಕಡ್ಡಿಯೊಂದು ಟಣ್ ಎಂದು ಹೋದಾಗ ಆ ಮಾತು ನಮ್ಮಿಬ್ಬರ ಬಾಯಲ್ಲೂ ಒಟ್ಟಿಗೇ ಬಂತು. ರಸ್ತೆ ಬದಿಯ ಬಂಡೆಯ ಮೇಲೆ ಕೂತು ಒಂದೂವರೆ ಗಂಟೆಯಲ್ಲಿ ಚಕ್ರ ನೇರ ಮಾಡಿದೆವು.

ಅಭ್ಯಾಸಕ್ಕೆ ಪುಣೆ ಒಳ್ಳೆಯ ಊರು. ಭಾನುವಾರ ಬೆಳಿಗ್ಗೆ ಐದಕ್ಕೆ ಡೋಣಜೆಯಿಂದ ಸಿಂಹಗಡ ಹತ್ತಿದರೆ ಸುಮಾರು 600 ಮೀಟರ್ ಏರಿಕೆ. ಮೇಲೆ ಮಜ್ಜಿಗೆ ಕುಡಿದು, ಇಳಿದು, ಮತ್ತೆ ಹತ್ತುತ್ತಿದ್ದೆವು. ಕೊನೆಯ ಆರು ವಾರ ಚೀಲಗಳಲ್ಲಿ 15 ಕಿಲೋ ಅಕ್ಕಿ ತುಂಬಿಕೊಂಡು. ಮಳೆಗಾಲದಲ್ಲಿ ತಾಮ್ಹಿಣಿ ಘಾಟ್‌ನಲ್ಲಿ ತೊಯ್ದು ತುಳಿದದ್ದು ಬ್ರೇಕಿನ ಬಗ್ಗೆ ಕಲಿಸಿತು. ಆದರೆ ಸಿಂಹಗಡದ ನೆತ್ತಿ 1,312 ಮೀಟರ್. ಇಲ್ಲಿ ಎಷ್ಟು ಬೆವರು ಸುರಿಸಿದರೂ ಎತ್ತರದ ಅಭ್ಯಾಸ ಆಗುವುದಿಲ್ಲ. ಮೊದಲ ಸಲ ನಾನು ಮೋಸಹೋದದ್ದು ಇದೇ ಭ್ರಮೆಯಿಂದ.

ಬಟ್ಟೆಬರೆ, ಗುಡಾರ, ದುಡ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಗದು ಹಣ ಒಯ್ಯಿರಿ. ಭಾರತೀಯರಿಗೆ ಆ ದಾರಿಯಲ್ಲಿ ಗುರುತಿನ ಚೀಟಿ ಸಾಕು. ಎತ್ತರದ ಬಾಧೆ ತಡೆಯಲು ಕೊಡುವ ಅಸೆಟಜೋಲಮೈಡ್ ಎಂಬ ಮಾತ್ರೆಯನ್ನು ಯಾರೋ ಹೇಳಿದರೆಂದು ನುಂಗಬೇಡಿ, ನಿಮ್ಮ ವೈದ್ಯರನ್ನು ಕೇಳಿ. ಸಲ್ಫಾ ಅಲರ್ಜಿ ಇದ್ದವರು ಅದನ್ನು ತಪ್ಪದೆ ಹೇಳಬೇಕು. ನಾವು ಪ್ರತಿ ಸಂಜೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಹೆಬ್ಬೆರಳು ತಾಗಿಸುತ್ತಾ ಗೆರೆಯ ಮೇಲೆ ಹತ್ತು ಹೆಜ್ಜೆ ನಡೆದು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದೆವು. ತೂರಾಡಿದರೆ ಇಳಿಯುವುದೇ, ಮಾತಿಲ್ಲ ಎಂದು ಪುಣೆಯಲ್ಲೇ ಒಪ್ಪಂದವಾಗಿತ್ತು. ಮೇಲೆ ಹೋದ ಮೇಲೆ ಅಂಥ ತೀರ್ಮಾನ ಮಾಡುವಷ್ಟು ತಲೆ ನೆಟ್ಟಗಿರುವುದಿಲ್ಲ.

ಬುತ್ತಿಯ ಮಾತು ಮಾತ್ರ ವಿವರವಾಗಿ ಹೇಳಬೇಕು. 3,700 ಮೀಟರ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಬೇಳೆ ಬೇಯುವುದಿಲ್ಲ. ಅಲ್ಲಿಯ ಮನೆಮನೆಯಲ್ಲೂ ಕುಕ್ಕರ್ ಇದೆ, ನಾವು ಕುಕ್ಕರ್ ಹೊರಲಾರೆವು. ಹಾಗಾಗಿ ಬೇಯಿಸಬೇಕಿಲ್ಲದ ಊಟವೇ ಬೇಕಿತ್ತು. ನಮ್ಮವ್ವನಿಗೆ ಇದನ್ನು ಹೇಳಿದಾಗ ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ. ವಿಜಯಪುರದ ಕಡೆ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೋಗುವವರ ಬುತ್ತಿ ಅವಳಿಗೆ ಗೊತ್ತಿತ್ತು. ಎಳ್ಳು ಹಚ್ಚಿದ ಸಜ್ಜೆಯ ಕಟಕ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಅಗಸಿ ಚಟ್ನಿ, ಮಾದಲಿ, ಶೇಂಗಾ ಹೋಳಿಗೆ. ರೊಟ್ಟಿ ಸೈಕಲ್ಲಿನ ಕುಲುಕಾಟಕ್ಕೆ ಪುಡಿಯಾಗುತ್ತದೆಂದು ಅವಳೇ ಅವುಗಳನ್ನು ಮುರಿದು ಡಬ್ಬಿಯಲ್ಲಿ ಒತ್ತಿ ತುಂಬಿದಳು. ತೂಗಿದರೆ ಎಲ್ಲ ಸೇರಿ 3 ಕಿಲೋ 200 ಗ್ರಾಂ. ಇದಕ್ಕಾಗಿ ಒಂದು ಜೊತೆ ಬೂಟು, ಒಂದು ದಪ್ಪ ಸ್ವೆಟರ್ ಬಿಟ್ಟು ಹೋದೆವು. ಎತ್ತರದಲ್ಲಿ ಹಸಿವು ಸಾಯುತ್ತದೆ, ಬಾಯಿಗೆ ಏನೂ ಸೇರದು. ಅಂಥ ಹೊತ್ತಿನಲ್ಲಿ ನಾಲಿಗೆಗೆ ಹುಟ್ಟಿನಿಂದ ಗೊತ್ತಿರುವ ರುಚಿ ಮಾತ್ರ ಒಳಗಿಳಿಯುತ್ತದೆ ಎಂಬುದು ನನ್ನ ಅನುಭವ.

ಯಶವಂತಪುರದಿಂದ ಹೊರಟು ಹುಬ್ಬಳ್ಳಿ, ಬೆಳಗಾವಿ, ಪುಣೆ ಮಾರ್ಗವಾಗಿ ಚಂಡೀಗಢಕ್ಕೆ ಹೋಗುವ ಕರ್ನಾಟಕ ಸಂಪರ್ಕ ಕ್ರಾಂತಿ ರೈಲಿಗೆ ಸೈಕಲ್‌ಗಳನ್ನು ಲಗೇಜಾಗಿ ಹಾಕಿದೆವು. ಪೆಡಲ್ ಕಳಚಿ, ಗೇರಿನ ತೋಳಿಗೆ ದಪ್ಪ ರಟ್ಟು ಸುತ್ತಿ, ಹೆಸರು ವಿಳಾಸ ಎರಡು ಕಡೆ ಬರೆದು.

ಲೋಸರ್ ತಲುಪಿದ ಸಂಜೆ ಗೆರೆಯ ಮೇಲೆ ಹತ್ತು ಹೆಜ್ಜೆ ನಡೆದೆ. 4,080 ಮೀಟರ್. ಕಾಲು ನೇರವಾಗಿ ಬಿತ್ತು, ತಲೆನೋವಿಲ್ಲ. ಚಂದ್ರತಾಲ್‌ಗೆ ಹತ್ತಿರ ಹತ್ತಿರದ ಎತ್ತರ, ಅದೇ ದೇಹ. ನಾವು ಉಳಿದ ಮನೆಯ ಅಜ್ಜಿ ಒಲೆಯ ಪಕ್ಕ ಕೂರಿಸಿ ಒಂದು ಬಟ್ಟಲಲ್ಲಿ ಹಿಟ್ಟು ಹಾಕಿ, ಬೆಣ್ಣೆ ಚಹಾ ಸುರಿದು, ಬೆರಳಿನಿಂದ ಕಲಸಿ ಉಂಡೆ ಮಾಡಿ ಕೊಟ್ಟರು. ತ್ಸಂಪಾ, ಹುರಿದ ಬಾರ್ಲಿಯ ಹಿಟ್ಟು. ಬಾಯಿಗಿಟ್ಟ ಗೆಳೆಯ ತಟ್ಟನೆ ನನ್ನ ಮುಖ ನೋಡಿದ. ‘ಹುರಿಹಿಟ್ಟು’ ಎಂದ. ಘಮ ಅದೇ, ಅಂಗುಳಕ್ಕೆ ಅಂಟುವ ಬಗೆಯೂ ಅದೇ. ನಾವು ಶೇಂಗಾ ಚಟ್ನಿ ಪುಡಿ ಮುಂದಿಟ್ಟೆವು. ಅವರು ಚಿಟಿಕೆ ನೆಕ್ಕಿ, ಖಾರಕ್ಕೆ ಕಣ್ಣೊರೆಸಿಕೊಂಡು, ಮತ್ತೊಂದು ಚಿಟಿಕೆ ತೆಗೆದುಕೊಂಡರು. ಉಳಿದ ಚಟ್ನಿಯನ್ನು ಅವರಿಗೇ ಬಿಟ್ಟೆವು. ಮಾದಲಿ ಮುಗಿದು ಖಾಲಿಯಾಗಿದ್ದ ಡಬ್ಬಿಯನ್ನು ಅವರು ತಮ್ಮ ಹಿಟ್ಟಿನಿಂದ ಕಂಠಮಟ ತುಂಬಿ ಕೊಟ್ಟರು.

ಮರುದಿನ ಆರಕ್ಕೆ ಹೊರಟು ಹನ್ನೊಂದಕ್ಕೆ ಕುಂಜುಮ್ ಮುಟ್ಟಿದೆವು. 4,551 ಮೀಟರ್. ದೇವಿಯ ಗುಡಿಗೆ ಒಂದು ಸುತ್ತು ಹಾಕಿ, ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಬಾಟಲಿಯ ತಣ್ಣೀರಿನಲ್ಲಿ ಆ ಹಿಟ್ಟಿಗೆ ಅವ್ವ ಕಟ್ಟಿಕೊಟ್ಟ ಬೆಲ್ಲದ ಕೊನೆಯ ಚೂರು ಹಿಸುಕಿ ಕಲಸಿದೆವು. ಗೆಳೆಯನ ಹಸಿವು ಕುಂದಿರಲಿಲ್ಲ, ನನ್ನದೂ. ಎದುರಿಗೆ ಚಂದ್ರಭಾಗಾ ಶಿಖರಗಳ ಹಿಮ ಹೊಳೆಯುತ್ತಿತ್ತು. ಡಬ್ಬಿ ಮುಚ್ಚಿ, ಬ್ರೇಕಿನ ತಂತಿ ಬಿಗಿಮಾಡಿಕೊಂಡು ಬಾತಲ್ ಕಡೆಗೆ ಇಳಿದೆವು.